ಸಹಿ ಬಿದ್ದ ಖಾಲಿ ಹಾಳೆ

ಫೈಲಿಗೆ ದಾರ ಪೋಣಿಸುತ್ತಿದ್ದೆ. ಹಿಂದೆ ಬಾಗಿಲಿನ ಚಿಲಕ ಬಿದ್ದ ಸದ್ದು!

"ಏಳಬ್ಯಾಡ್ರಿ ಸರೋಜಕ್ಕ. ನಿಮ್ಮ ಕೆಲಸ ನೀವು ಮಾಡ್ರಿ."

ತಿರುಗಿದೆ. ರುದ್ರಮುನಿ. ಮಂಡಿಪೇಟೆಯ ಸಗಟು ವ್ಯಾಪಾರಿ ಶಿವಯೋಗಪ್ಪನವರ ಬಲಗೈ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

ಬೆಳಗಿನ ಒಂಬತ್ತೂವರೆ. ಪಿ.ಜೆ. ಬಡಾವಣೆಯ ಆಫೀಸಿನಲ್ಲಿ ನಾನೊಬ್ಬಳೇ. ವಕೀಲ ಬಕ್ಕೇಶಪ್ಪನವರ ಬಳಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತೆ. ಜಾಮೀನು ಅರ್ಜಿ ಟೈಪ್ ಮಾಡುವುದು, ಜೈಲಿಗೆ ಹೋಗಿ ಸಹಿ ತರುವುದು, ಜಾಮೀನುದಾರರನ್ನು ಹುಡುಕುವುದು... ಊರಿನ ಅರ್ಧ ಕಳ್ಳರು ನನ್ನನ್ನು ಅಕ್ಕ ಅನ್ನುತ್ತಾರೆ.

ಇವನು ಅಂದಾಗ ಮಾತ್ರ ಬೆನ್ನು ತಣ್ಣಗಾಯಿತು.

ಕೇಸು ಇಷ್ಟೇ. ಹನ್ನೆರಡು ದಿನದ ಹಿಂದೆ ಹರಿಹರದ ಸೇತುವೆ ಮೇಲೆ ಪೊಲೀಸರು ಒಂದು ಕಾರು ನಿಲ್ಲಿಸಿದರು. ಸೀಟಿನ ಕೆಳಗೆ ಒಂಬೈನೂರು ಗ್ರಾಂ ಗಾಂಜಾ. ಓಡಿಸುತ್ತಿದ್ದವನು ಶಿವಯೋಗಪ್ಪನವರ ಮಗ ಬಸವಪ್ರಭು. ಪಕ್ಕದಲ್ಲಿ ಅವನ ಕಾಲೇಜಿನ ಗೆಳತಿ ಅಂಕಿತಾ, ಲೋಕಿಕೆರೆಯ ಹುಡುಗಿ. ಇಬ್ಬರೂ ಜೈಲಿನಲ್ಲಿ. ಇಬ್ಬರಿಗೂ ನಮ್ಮ ವಕೀಲರೇ. ಇಬ್ಬರೂ ಚಟಕ್ಕೆ ಬಿದ್ದವರು, ಜಾಮೀನು ಕೊಟ್ಟು ಹರಿಹರದ ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಿ ಅಂತ ಅರ್ಜಿ ಟೈಪ್ ಮಾಡಿದವಳು ನಾನೇ. ಅವತ್ತು ಹನ್ನೊಂದಕ್ಕೆ ವಿಚಾರಣೆ.

"ಅರ್ಜಿ ಬದಲಾಗ್ಬೇಕು," ಅಂದ ರುದ್ರಮುನಿ. "ನಮ್ಮ ಪ್ರಭು ಪೇಷಂಟು. ಆ ಹುಡುಗಿ ಮಾರೋಳು. ಮಾಲು ನಂದೇ, ಪ್ರಭುಗೆ ಚಟ ಹಚ್ಚಿದ್ದೂ ನಾನೇ ಅಂತ ಅವಳೇ ಬರಕೊಟ್ಟಂಗೆ ಟೈಪ್ ಮಾಡ್ರಿ."

"ಅವಳು ಹಂಗೆ ಹೇಳಿಲ್ಲ."

"ಸೈನ್ ಮಾಡ್ಯಾಳಲ್ಲ?"

ಖಾಲಿ ಹಾಳೆಗಳ ಗುಟ್ಟು ಇವನಿಗೆ ಗೊತ್ತಾಗಿತ್ತು!

ಜೈಲಿಗೆ ಪದೇಪದೇ ಓಡಾಡುವುದು ಯಾರಿಂದಾದೀತು? ಒಮ್ಮೆ ಹೋದಾಗಲೇ ನಾಲ್ಕು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಬರುತ್ತೇವೆ. ಬೇಕಾದಾಗ ಅದರ ಮೇಲೆ ಅರ್ಜಿ. ತಪ್ಪು. ಆದರೆ ಚಾಳಿ. ಅಂಕಿತಾಳ ಸಹಿಯ ಎರಡು ಹಾಳೆ ಒಳಕೋಣೆಯ ಬೀರುವಿನಲ್ಲಿ ಇನ್ನೂ ಖಾಲಿ ಇದ್ದವು.

ಸಹಿ ಹಾಕುವಾಗ ಅವಳ ಕೈ ನಡುಗುತ್ತಿತ್ತು. "ಅಕ್ಕಾ, ಮನೆಗೆ ಬ್ಯಾಡ. ಆಸ್ಪತ್ರೆಗೆ ಕಳಿಸ್ರಿ," ಅಂದಿದ್ದಳು. "ಮನೆಗೆ ಹೋದ್ರೆ ಮತ್ತೆ ಸೇದ್ತೀನಿ." ಇಪ್ಪತ್ತೆರಡು ವರ್ಷದಲ್ಲಿ ಮನೆ ಬೇಡ ಅಂದ ಕೈದಿಯನ್ನು ನಾನು ಕಂಡಿರಲಿಲ್ಲ.

"ನಾನು ಜಡ್ಜ್ ಮುಂದೆ ಹೇಳ್ತೀನಿ!"

ರುದ್ರಮುನಿ ನಕ್ಕ. "ಏನಂತ? ಖಾಲಿ ಹಾಳೆಗೆ ಸೈನ್ ಹಾಕಿಸ್ಕೊಂಡೆ ಅಂತಾನಾ? ಹೇಳ್ರಿ ಮತ್ತೆ... ಒಳಗೆ ಹೋಗೋರು ಯಾರು?"

ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಬಕ್ಕೇಶಪ್ಪನವರ ದನಿ. "ಸರೋಜಾ, ಅವರು ಹೇಳ್ದಂಗೆ ಮಾಡವ್ವ. ನಂಗೇನೂ ಗೊತ್ತಿಲ್ಲ."

ಫೋನ್ ಕಟ್.

"ಬೀರು ಒಳಗೈತೆ. ಹಾಳೆ ತರ್ತೀನಿ," ಅಂದೆ.

"ಬೇಗ ಬರ್ರಿ."

ಬರಲಿಲ್ಲ! ಹಾಳೆಗಳನ್ನು ಸೆರಗಿನೊಳಗೆ ತುರುಕಿ ಹಿತ್ತಲ ಬಾಗಿಲಿನಿಂದ ಓಡಿದೆ. ಮೂಲೆಯಲ್ಲಿ ಖಾಜಾ ಹುಸೇನನ ಆಟೊ. ಹಾರಿ ಕೂತೆ.

"ಕೋರ್ಟಿಗೆ! ಜೋರಾಗಿ ಹೊಡಿ ಖಾಜಾ!"

ಆಟೊ ಎಗರಿತು. ಅವನು ಕನ್ನಡಿ ನೋಡಿದ. "ಹಿಂದೆ ಬುಲೆಟ್ ಬರ್ತೈತೆ ಅಕ್ಕಾ. ನಿಮ್ಮ ಪಾರ್ಟೀನಾ?"

"ನಿಲ್ಲಿಸಬ್ಯಾಡ!"

"ಹಂಗಾರೆ ಫೀಸ್ ಕೊಡೋ ಪಾರ್ಟಿ ಅಲ್ಲ ಬಿಡ್ರಿ!"

ಎಡಕ್ಕೆ... ಬಲಕ್ಕೆ... ತರಕಾರಿ ಗಾಡಿ ತಪ್ಪಿತು. ಶಾಲೆಯ ವ್ಯಾನ್ ತಪ್ಪಿತು. ರೈಲ್ವೆ ಗೇಟ್ ತಪ್ಪಲಿಲ್ಲ. ಕಣ್ಣೆದುರೇ ಬಿತ್ತು!

ಮುಂದೆ ಲಾರಿ. ಹಿಂದೆ ಬಸ್ಸು. ಹೊರಳಲೂ ಜಾಗವಿಲ್ಲ.

ಒಂದು ಹಾಳೆ ಹರಿದೆ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮಣಿಕಟ್ಟು ರುದ್ರಮುನಿಯ ಹಿಡಿಯಲ್ಲಿತ್ತು. ಬಳೆ ಒಡೆಯಿತು. ಹಾಳೆ ಹೋಯಿತು.

"ಟೈಪ್ ಮಾಡೋರು ಕೋರ್ಟ್ ಮುಂದೆ ಹತ್ತು ಮಂದಿ ಅದಾರೆ," ಅಂದ. "ನಿಮಗ್ಯಾಕ್ರಿ ಅಕ್ಕ, ಊರ ಹುಡುಗಿ ಉಸಾಬರಿ? ಬಾಯಿ ಮುಚ್ಕೊಂಡಿರ್ರಿ. ಕೆಲಸ ಉಳೀತೈತೆ."

ಹನ್ನೊಂದು ಗಂಟೆ. ಕೋರ್ಟ್ ಹಾಲ್. ಬಕ್ಕೇಶಪ್ಪನವರ ಕೈಯಲ್ಲಿ ಆ ಹಾಳೆ, ಈಗ ಅಕ್ಷರ ತುಂಬಿಕೊಂಡು. ನನ್ನ ಕಡೆ ನೋಡಲಿಲ್ಲ. ಬಸವಪ್ರಭು ತಲೆ ಬಾಚಿ, ಪೇಷಂಟಿನಂತೆ ಮುಖ ಮಾಡಿಕೊಂಡು ನಿಂತಿದ್ದ. ಪಕ್ಕದಲ್ಲಿ ಅಂಕಿತಾ. ದುಪಟ್ಟಾದೊಳಗೆ ಕೈ ಬಚ್ಚಿಟ್ಟಿದ್ದಳು. ಆದರೂ ದುಪಟ್ಟಾ ನಡುಗುತ್ತಿತ್ತು. ನನ್ನನ್ನು ನೋಡಿ ಮೆಲ್ಲಗೆ ನಕ್ಕಳು. ಆಸ್ಪತ್ರೆಗೆ ಕಳಿಸುತ್ತಾರೆ ಅಂತ ನಂಬಿದ ನಗು.

ಸಹಿ ಹಾಕಿದ ಆರೋಪಿ ಅಲ್ಲ ಅಂದರೆ ಯಾರೂ ನಂಬುವುದಿಲ್ಲ. ಆ ಹಾಳೆ ಸುಳ್ಳು ಅಂತ ನಂಬಿಸಬಲ್ಲ ಬಾಯಿ ಊರಿನಲ್ಲಿ ಒಂದೇ. ಖಾಲಿ ಇದ್ದಾಗ ಅದಕ್ಕೆ ಸಹಿ ಹಾಕಿಸಿಕೊಂಡವಳದು.

ರುದ್ರಮುನಿ ಹಿಂದಿನ ಬೆಂಚಿನಿಂದ ಕೇಳಿದ, "ಆರಾಮಾ ಅಕ್ಕ?"

"ಆರಾಮ," ಅಂದೆ.

ಜಡ್ಜ್ ಸಾಹೇಬರು ಬಂದರು. ಎಲ್ಲರೂ ಎದ್ದರು. ಎಲ್ಲರೂ ಕೂತರು.

ನಾನು ಕೂರಲಿಲ್ಲ. ಕೂರುವುದಕ್ಕೆ ಜೈಲಿನಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ.