ಬಾಲ ಸವೆದ ಮೀನು

"ಬೀಪ್ ಬೀಪ್ ಬೀಪ್ ಬೀಪ್..."

ಚಿನಕುರಳಿಯ ಕೈಯಲ್ಲಿದ್ದ ಆಂಟೆನಾ ಮೆಲ್ಲಗೆ ಕೆಳಗಿಳಿಯಿತು. ನಿನ್ನೆವರೆಗೂ ಅವಳ ಮೀನು ಒಂದು ಸಲ ಬೀಪ್ ಎಂದು, ಉಸಿರೆಳೆದುಕೊಂಡಂತೆ ನಿಂತು, ಆಮೇಲೆ ಇನ್ನೊಂದು ಸಲ ಕೂಗುತ್ತಿತ್ತು. ಮೀನು ಬಹಳ ಹೊತ್ತು ಅಲುಗಾಡದಿದ್ದರೆ ಮಾತ್ರ ಅದರ ಹೊಟ್ಟೆಯಲ್ಲಿರುವ ರೇಡಿಯೋ ಹೀಗೆ ಅವಸರಪಡುತ್ತದೆ.

"ಸತ್ತುಹೋಯ್ತು ಅಲ್ವಾ?"

"ಹಾಗೇ ಕಾಣತ್ತೆ," ಎಂದಳು ಅಮ್ಮ.

"ನೀನೇ ಕೊಂದಿದ್ದು!"

ಗಳ ಊರಿ ದೋಣಿ ನಡೆಸುತ್ತಿದ್ದ ಮಾಮ ತಿರುಗಿ ನೋಡಿದ. "ಏಯ್ ಚಿನಕುರಳಿ, ಅಮ್ಮನ ಮೇಲೇ ಪಟಾಕಿ ಹಾರಿಸ್ತೀಯಾ?"

ಯಾರೂ ನಗಲಿಲ್ಲ.

ಸಮುದ್ರದಿಂದ ಬರುವ ಮೀನುಗಳು ಮೊಟ್ಟೆಯಿಡಲು ನದಿಯಲ್ಲಿ ಎಲ್ಲಿಗೆ ಹೋಗುತ್ತವೆಂದು ಪತ್ತೆಹಚ್ಚುವುದು ಅಮ್ಮನ ಕೆಲಸ. ಅವಳು ಈ ಮೀನಿನ ಗಂಟಲೊಳಗೆ ಬೆರಳುದ್ದದ ರೇಡಿಯೋ ತಳ್ಳಿದ್ದನ್ನು ಚಿನಕುರಳಿ ಕಣ್ಣಾರೆ ಕಂಡಿದ್ದಳು. ಅದರ ತಂತಿ ಬಾಯಂಚಿನಲ್ಲಿ ಮೂಗುದಾರದ ಹಾಗೆ ನೇತಾಡುತ್ತಿತ್ತು.

"ಇನ್ನು ಅದು ಹೇಗಮ್ಮ ಊಟ ಮಾಡತ್ತೆ?" ಎಂದು ಅಂದೇ ಕೇಳಿದ್ದಳು.

"ಮೊಟ್ಟೆ ಇಡೋಕೆ ಹೊರಟ ಮೇಲೆ ಇದು ಏನೂ ತಿನ್ನಲ್ಲ ಕಣೇ."

ದೊಡ್ಡವರು ಬಾಯಿ ಮುಚ್ಚಿಸಲು ಏನಾದರೊಂದು ಹೇಳುತ್ತಾರೆ ಎಂದುಕೊಂಡಿದ್ದಳು ಚಿನಕುರಳಿ.

ದೋಣಿ ನಿಂತಿತು. ಅಮ್ಮ, ಮಗಳು ಇಬ್ಬರೂ ಮೊಣಕಾಲುದ್ದದ ನೀರಿಗಿಳಿದು ದಡದಂಚಿನಲ್ಲೇ ನಡೆದರು. ಕಲ್ಲುಗಳ ಸಂದಿಯಿಂದ ಅಮ್ಮ ಮೀನನ್ನು ಎರಡೂ ಕೈಯಲ್ಲಿ ಎತ್ತಿದಳು. ಹೊಟ್ಟೆ ಖಾಲಿ ಚೀಲದಂತೆ ಜೋತುಬಿದ್ದಿತ್ತು.

"ನೋಡು, ಹಸಿದೇ ಸತ್ತಿದೆ," ಎಂದಳು ಚಿನಕುರಳಿ.

ಅಮ್ಮ ವಾದಕ್ಕಿಳಿಯಲಿಲ್ಲ. "ರೇಡಿಯೋ ಹಾಕುವಾಗೆಲ್ಲ ನಂಗೂ ಭಯ ಆಗತ್ತೆ ಕಣೇ. ಅದಕ್ಕೇ ಸತ್ತ ಮೀನು ಸಿಕ್ಕಾಗ ಮೊದಲು ಬಾಲ ನೋಡ್ತೀನಿ. ನೀನೂ ನೋಡು."

ಬಾಲದ ಅಂಚು ಹಳೇ ಪೊರಕೆಯಂತೆ ಸವೆದು ಬೆಳ್ಳಗಾಗಿತ್ತು.

"ಯಾರು ಕಚ್ಚಿದ್ದು?"

"ಯಾರೂ ಇಲ್ಲ. ಬಾಲದಲ್ಲೇ ಕಲ್ಲು ಕೆದರಿ ಗುಂಡಿ ತೋಡಿದೆ. ಮೊಟ್ಟೆ ಇಟ್ಟು, ಮೇಲೆ ಮತ್ತೆ ಕಲ್ಲು ಮುಚ್ಚಿದೆ. ಈ ಜಾತಿ ಮೀನಿಗೆ ಅದೇ ಕೊನೇ ಕೆಲಸ. ರೇಡಿಯೋ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಚಿನಕುರಳಿ ಸವೆದ ಅಂಚಿನ ಮೇಲೆ ಬೆರಳಾಡಿಸಿದಳು. ಒರಟಾಗಿತ್ತು. ಸಮುದ್ರದಿಂದ ಇಲ್ಲಿವರೆಗೆ ಒಂದು ತುತ್ತೂ ತಿನ್ನದೆ ಬಂದು, ಇಷ್ಟೆಲ್ಲ ಕೆಲಸ!

"ಅಲ್ಲೇ ಇರಿ, ದೋಣಿ ಅಲ್ಲಿಗೇ ತರ್ತೀನಿ," ಎಂದು ಮಾಮ ಗಳ ಎತ್ತಿದ.

ದೋಣಿಗೂ ಅವರಿಗೂ ನಡುವೆ ಕಲ್ಲುಗಳೆಲ್ಲ ಪಾಚಿ ಹಿಡಿದು ಕಪ್ಪಗಿದ್ದವು. ಒಂದು ಕಡೆ ಮಾತ್ರ, ಈಗಷ್ಟೇ ಯಾರೋ ಕೆದರಿ ತೊಳೆದಿಟ್ಟಂತೆ, ಬೆಳ್ಳಗೆ ಹೊಳೆಯುತ್ತಿದ್ದವು.

"ಬೇಡ ಮಾಮ! ಅಲ್ಲಿ ಗಳ ಊರಬೇಡ!"

ಮಾಮನ ಕೈ ಹಾಗೇ ನಿಂತಿತು.

"ನಾವೇ ಬರ್ತೀವಿ," ಎಂದು ಚಿನಕುರಳಿ ಅಮ್ಮನ ಒದ್ದೆ ಕೈ ಹಿಡಿದುಕೊಂಡಳು. ಬೆಳ್ಳಗಿನ ಕಲ್ಲುಗಳನ್ನು ದೂರದಿಂದಲೇ ಬಳಸಿ, ಕಾಲು ಮೆಲ್ಲಗೆ ಇಡುತ್ತಾ, ಅಮ್ಮನನ್ನು ದೋಣಿಯ ಕಡೆಗೆ ಕರೆದುಕೊಂಡು ಹೊರಟಳು.