ಬಾಗಿಲು ತೆರೆಯುವವರೆಗೆ

"ಒಂದು ವರ್ಷ ಓದು ಬಿಟ್ಟು ಏನು ಮಾಡ್ತಿದ್ರಿ? ಮನೇಲಿ ಸುಮ್ನೆ ಕೂತಿದ್ರಾ?"

ಮಾರಿಟ್‌ಗೆ ಕೆನ್ನೆಗೆ ಹೊಡೆದಂತಾಯಿತು.

ಇದು ಅಣಕು ಸಂದರ್ಶನ ಅಷ್ಟೆ. ಅಮೆರಿಕದ ಸರೋವರ ದಂಡೆಯ ಊರು ಡುಲೂತ್‌ನ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸುವವರೆಲ್ಲ ಒಮ್ಮೆ ಈ ಇಕ್ಕಟ್ಟಿನ ಕೋಣೆಗೆ ಬಂದು ಕೂರಲೇಬೇಕು. ಅವಳು ಅರ್ಜಿ ಹಾಕಿದ್ದ ನೀರು ಪರೀಕ್ಷಾ ಪ್ರಯೋಗಾಲಯದ ಅಧಿಕಾರಿಯಂತೆ ಕೇಳುತ್ತಿದ್ದವನು ಡೆಕ್ಲನ್. ಹೋದ ವರ್ಷ ಇಲ್ಲೇ ಓದು ಮುಗಿಸಿ, ಇಲ್ಲಿನ ಉದ್ಯೋಗ ಕೇಂದ್ರದಲ್ಲೇ ಕೆಲಸಕ್ಕೆ ನಿಂತವನು. ಅಮ್ಮ ತೀರಿಕೊಂಡ ಮೇಲೆ, ಗ್ರಂಥಾಲಯದಲ್ಲಿ ಅವಳೆದುರು ಕಾಫಿ ತಂದಿಟ್ಟು ಮಾತಿಲ್ಲದೆ ಕೂರುತ್ತಿದ್ದವನು.

ಇವನಿಗೆ ಎಲ್ಲಾ ಗೊತ್ತು! ಗೊತ್ತಿದ್ದೂ ಕೇಳ್ತಾನಲ್ಲ!

"ಅಮ್ಮನಿಗೆ ಕ್ಯಾನ್ಸರ್… ನಾನೇ ನೋಡ್ಕೊಳ್ತಿದ್ದೆ."

"ಅದರಿಂದ ನಮ್ಮ ಪ್ರಯೋಗಾಲಯಕ್ಕೇನು ಲಾಭ?"

ಅವಳ ಕಣ್ಣು ತುಂಬಿತು. ಅವನು ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದ. ಕಲ್ಲು!

ಸಂದರ್ಶನಕ್ಕೆಂದು ಕೇಂದ್ರದವರೇ ಕೊಟ್ಟಿದ್ದ ಎರವಲು ಕೋಟನ್ನು ಕಳಚಿ ಮೇಜಿನ ಮೇಲೆ ಎಸೆದಳು. ಬಾಗಿಲು ದಡಾರನೆ ತೆರೆದಳು.

"ಮಾರಿಟ್, ನಿಲ್ಲು!" ಅವನು ಹಿಂದೆಯೇ ಓಡಿ ಬಂದ. "ಇಲ್ಲಿನ ನಿಯಮ ಅದು. ಬಾಗಿಲು ತೆರೆಯೋವರೆಗೂ ಸಮಾಧಾನ ಮಾಡೋ ಹಾಗಿಲ್ಲ. ಅಲ್ಲೀವರೆಗೆ ನಾನು ನಾನಲ್ಲ…"

"ಹಾಗಾದ್ರೆ ನಾನೂ ನಿನ್ನವಳಲ್ಲ!"

ಅಂದ ಮೇಲೆ ಹೊಳೆಯಿತು. ಅವಳು ಅವನವಳು ಎಂದು ಇಬ್ಬರಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಸಿಟ್ಟು ಮನಸ್ಸಿಗಿಂತ ಮುಂದೆ ಓಡಿತ್ತು.

ಗುರುವಾರ, ಬಂದರಿನ ಬಳಿಯ ನೀರು ಪರೀಕ್ಷಾ ಕೇಂದ್ರದಲ್ಲಿ ನಿಜವಾದ ಸಂದರ್ಶನ. ಬಿಳಿಗೂದಲ ಹೆಂಗಸು ನಯವಾಗಿಯೇ ಕೇಳಿದಳು.

"ಮಧ್ಯೆ ಒಂದು ವರ್ಷ ಖಾಲಿ ಇದೆಯಲ್ಲಮ್ಮ?"

ಡೆಕ್ಲನ್‌ನ ಮುಖ ಎದುರಿಗೆ ಬಂತು. ಮೈಯೆಲ್ಲ ಉರಿಯಿತು. ಆದರೆ ಈ ಸಲ ಕಣ್ಣು ತುಂಬಲಿಲ್ಲ.

"ಖಾಲಿ ಇಲ್ಲ ಮೇಡಂ. ಕಾಯಿಲೆ ಬಿದ್ದ ಅಮ್ಮನ್ನ ನೋಡ್ಕೊಂಡೆ. ಔಷಧಿ ಒಂದು ಹನಿ ಹೆಚ್ಚಾದ್ರೂ ಪ್ರಾಣಕ್ಕೇ ಸಂಚಕಾರ ಇತ್ತು. ನಿಮ್ಮ ನೀರನ್ನೂ ಅಷ್ಟೇ ಭಯದಿಂದ ನೋಡ್ತೀನಿ. ಈ ಊರು ಅದನ್ನೇ ಕುಡಿಯುತ್ತೆ."

ಮರುದಿನವೇ ಫೋನ್ ಬಂತು. ಅವಳು ನೇರವಾಗಿ ಆ ಇಕ್ಕಟ್ಟಿನ ಕೋಣೆಗೇ ನುಗ್ಗಿದಳು.

"ಕೆಲಸ ಸಿಕ್ತು. ಬೀಗಬೇಡ! ನನ್ನ ಕೋಪ ಇಳಿದಿಲ್ಲ."

ಡೆಕ್ಲನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ನಂತರ ಮೆಲ್ಲಗೆ ಹೇಳಿದ.

"ಹೋದ ವರ್ಷ ಒಂದು ಕೆಲಸದ ಸಂದರ್ಶನದಲ್ಲಿ ನನ್ನನ್ನೂ ಇದೇ ಕೇಳಿದ್ರು. ಅಣ್ಣ ಸತ್ತ ವರ್ಷದ ಬಗ್ಗೆ. ನಾಲ್ಕು ವರ್ಷ ಎಲ್ಲಾ ಕಲಿಸಿದ್ರು, ಇದಕ್ಕೆ ಹೇಗೆ ಉತ್ತರ ಕೊಡೋದು ಅಂತ ಈ ಕೋಣೇಲೂ ಒಬ್ಬರೂ ಹೇಳಿರಲಿಲ್ಲ. ಮಾತೇ ಹೊರಡಲಿಲ್ಲ, ಮಾರಿಟ್. ಎದ್ದು ಬಂದ್ಬಿಟ್ಟೆ. ನಿನಗೆ ಹಾಗಾಗಬಾರದು ಅಂತ…"

"ಅದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತು, ಗೂಬೆ!"

ಅವಳು ಬಾಗಿಲು ಮುಚ್ಚಿದಳು. ಅವನ ಕುರ್ಚಿಯಲ್ಲಿ ತಾನು ಕೂತಳು.

"ಆ ಕಡೆ ಕೂತ್ಕೊಳ್ಳಿ. ಇಷ್ಟು ದಿನ ನನ್ನೆದುರು ಕಾಫಿ ಇಟ್ಕೊಂಡು ಏನು ಮಾಡ್ತಿದ್ರಿ? ಸುಮ್ನೆ ಕೂತಿದ್ರಾ?"

ಅವನು ಎದುರಿನ ಕುರ್ಚಿಗೆ ಹೋಗಿ ಕೂತ. ಕಣ್ಣು ತುಂಬಿತು. ಅವಳು ಸಮಾಧಾನ ಮಾಡಲಿಲ್ಲ. ನಿಯಮ ಅಂದರೆ ನಿಯಮ.

"ನಿನ್ನ… ಪ್ರೀತಿಸ್ತಿದ್ದೆ."

"ಕೇಳಿಸಲಿಲ್ಲ."

"ಪ್ರೀತಿಸ್ತಿದ್ದೆ ಮಾರಿಟ್!"

ಅವಳು ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಸರೋವರದ ತಣ್ಣನೆ ಗಾಳಿ ಒಳಗೆ ಬಂತು.

"ಈಗ ಹೇಳು. ಈಗ ನೀನು ನೀನೇ."

"ಈಗಲೂ ಅದೇ ಉತ್ತರ."

"ಕೋಪ ಇನ್ನೂ ಇದೆ," ಅಂದಳು ಮಾರಿಟ್, ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡು.