ಒಳಗಿನ ಚಿಲಕ

"ಇನ್ನೊಂದು ಹೆಜ್ಜೆ ಮುಂದಿಟ್ಟರೆ ಚುಚ್ಚಿಬಿಡ್ತೀನಿ!"

ಬಾಗಿಲಿಗೆ ಒತ್ತಿಟ್ಟಿದ್ದ ಕುರ್ಚಿ ಮಗುಚಿ ಬಿದ್ದಿತ್ತು. ಅವಳ ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಹೊಸ್ತಿಲಲ್ಲಿ ನಿಂತ ಗಂಡಸಿನ ಕೈಯಲ್ಲಿ ಒಂದು ನಲ್ಲಿ.

"ಕತ್ತರಿ ಕೆಳಗಿಡಿ ತಾಯಿ. ಈ ಅಂಗಿಯಲ್ಲಿ ಇನ್ನೊಂದು ತೇಪೆಗೆ ಜಾಗವಿಲ್ಲ. ನಲ್ಲಿ ಸೋರುತ್ತೆ ಅಂತ ನೀವೇ ಹೇಳಿದ್ರಂತೆ..."

"ಬಾಗಿಲು ತಟ್ಟೋಕೆ ಏನು ಧಾಡಿ?"

"ಕೈ ನೋಯೋವರೆಗೂ ತಟ್ಟಿದೆ. ಹಾಡುಹಗಲಲ್ಲಿ ಹೀಗೆ ಮಲಗೋರನ್ನ ನಾನು ಕಂಡಿಲ್ಲಪ್ಪ!"

ಅವಳ ಕೈ ಇಳಿಯಿತು. ದನಿಯೂ ಇಳಿಯಿತು.

"ರಾತ್ರಿ ನಿದ್ದೆ ಬರಲ್ಲ ರೀ..."

ಅವನು ಬಿದ್ದ ಕುರ್ಚಿಯನ್ನು ನೋಡಿದ. ಬಾಗಿಲಿನ ಒಳಬದಿಯನ್ನು ನೋಡಿದ. ಬೀದಿಯಲ್ಲಿ ಮಲಗಿದವರಿಗೆ ಇಂಥದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದು ನಗರಸಭೆಯ ತಾತ್ಕಾಲಿಕ ವಸತಿ. ಬೀದಿಯಿಂದ ಎದ್ದು ಬಂದವರಿಗೆ ಒಂದು ಕೋಣೆ, ಒಂದು ಮಂಚ, ಸೋರುವ ಒಂದು ನಲ್ಲಿ. ಸ್ವಂತಕ್ಕೊಂದು ಬಾಡಿಗೆ ಮನೆ ಗೊತ್ತಾಗುವವರೆಗೆ ಇರಬಹುದು. ಬಾಗಿಲಿಗೆ ಒಳಗಿನ ಚಿಲಕ ಮಾತ್ರ ಇರಲಿಲ್ಲ. ಯಾರಾದರೂ ಒಳಗೆ ಕುಸಿದುಬಿದ್ದರೆ ತೆಗೆಯಬೇಕಲ್ಲ, ಅದಕ್ಕೆ. ನಿಯಮ ಸರಿಯಾದದ್ದೇ. ಆದರೆ ಸರಿಯಾದ ನಿಯಮದಿಂದ ಯಾರಿಗೂ ನಿದ್ದೆ ಬಂದದ್ದಿಲ್ಲ.

ಅವಳು ಟೈಲರ್. ಗಂಡ ತೀರಿಕೊಂಡ ಮೇಲೆ ಮೈದುನ ಅವಳ ಗಂಟನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದ. ಆಮೇಲೆ ಬಸ್ ನಿಲ್ದಾಣದ ಬೆಂಚು ಅವಳಿಗೆ ಕಲಿಸಿದ್ದು ಒಂದೇ ವಿದ್ಯೆ: ಒಂದು ಕಣ್ಣು ತೆರೆದುಕೊಂಡು ಮಲಗುವುದು.

ಅವನೂ ಅದೇ ವಸತಿಯವನೇ, ಕೆಳಗಿನ ಗಂಡಸರ ಮಹಡಿಯವನು. ಹಿಂದೊಮ್ಮೆ ಬೀಗದ ಅಂಗಡಿ ಇತ್ತು. ಈಗ ಕಟ್ಟಡದ ರಿಪೇರಿಯೆಲ್ಲ ಅವನದೇ. ಎಲ್ಲರ ಬಾಯಲ್ಲೂ ಬೀಗದಣ್ಣ.

ಮರುದಿನ ಹೊಲಿಗೆ ಕೆಲಸ ಮುಗಿಸಿ ಬಂದರೆ... ಬಾಗಿಲಿನ ಒಳಬದಿಯಲ್ಲಿ ಒಂದು ಚಿಲಕ! ಹಳೆಯದು, ಉಜ್ಜಿ ಹೊಳಪು ಬರಿಸಿದ್ದು.

ಅದರ ಮರುದಿನ ಪಕ್ಕದ ಕೋಣೆಯ ರೇಡಿಯೋ ಅಜ್ಜಿ ಬಾಗಿಲು ಬಡಿದು ಅವಳನ್ನು ಎಬ್ಬಿಸಬೇಕಾಯಿತು. ಆ ಅಜ್ಜಿ ಸುದ್ದಿ ಬಿತ್ತರಿಸಲು ಯಾವ ಹೊತ್ತನ್ನೂ ಬಿಟ್ಟವಳಲ್ಲ.

"ಏನೇ, ಸತ್ತೇಹೋದೆ ಅಂದ್ಕೊಂಡೆ! ಮುಖ ನೋಡು, ಪೂರಿ ಥರ ಊದಿಕೊಂಡಿದೆ."

"ನಿದ್ದೆ ಅಜ್ಜಿ... ನಿದ್ದೆ!" ಅವಳು ನಗುತ್ತಲೇ ಅತ್ತಳು.

ಅವನ ಅಂಗಿಯ ಹಳೆಯ ತೇಪೆಗಳನ್ನೆಲ್ಲ ಅವಳು ಬಿಚ್ಚಿ ಹೊಸದಾಗಿ ಹಾಕಿಕೊಟ್ಟಳು. ಕೆಲಸದಿಂದ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಟೀ ಕುಡಿಯುವುದು ರೂಢಿಯಾಯಿತು.

"ಊರಿಗೆಲ್ಲ ಅವನು ಬೀಗದಣ್ಣ, ನಿನಗೆ ಮಾತ್ರ ಬರೀ 'ರೀ'. ಅಣ್ಣ ಎಲ್ಲಿ ಬಿದ್ದುಹೋದ?" ಅಂದಳು ಅಜ್ಜಿ.

ಅವಳ ಕಿವಿ ಕೆಂಪಾಯಿತು. ಅವನು ಟೀ ಲೋಟದೊಳಗೆ ಏನೋ ಕಳೆದುಕೊಂಡವನಂತೆ ಇಣುಕಿದ.

"ನಿಮ್ಮನ್ನ ಒಂದು ಮಾತು ಕೇಳಬೇಕು," ಅಂದ ಒಂದು ದಿನ.

"ಕೇಳಿ."

"ಈಗಲ್ಲ. ಅದನ್ನ ಕೇಳೋಕೆ ನನಗೊಂದು ವಿಳಾಸ ಬೇಕು."

ಆ ವಾರವೇ ತಪಾಸಣೆ ನಡೆಯಿತು. ಸಂಜೆ ಬಂದು ನೋಡಿದರೆ ಚಿಲಕವಿಲ್ಲ. ಸ್ಕ್ರೂ ತೂತುಗಳು ಮಾತ್ರ ಇದ್ದವು. ಕೆಳಗೆ ಓಡಿದಳು. ಅವನ ಮಂಚವೂ ಖಾಲಿ!

"ಅವನಿಗೆ ಮನೆ ಸಿಕ್ಕಿತಂತೆ," ಅಂದಳು ಅಜ್ಜಿ. "ಚಾಡಿ ಹೇಳಿದವರಿಗೆ ಏನಾದರೂ ಸಿಗಲೇಬೇಕಲ್ಲ! ಚಿಲಕ ಇರೋದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಿತ್ತು?"

ಒಂದು ಮಾತೂ ಹೇಳದೆ... ಒಮ್ಮೆಯೂ ತಿರುಗಿ ನೋಡದೆ... ಇವನೂ ಮೈದುನನ ಹಾಗೇನಾ?

ಬಾಗಿಲಿಗೆ ಮತ್ತೆ ಕುರ್ಚಿ ಬಂತು.

ಮಳೆಗಾಲ ಕಳೆದು ಚಳಿ ಬಂತು. ಕೊನೆಗೆ ಅವಳಿಗೊಂದು ಮನೆ ಗೊತ್ತಾಯಿತು, ಒಂದೇ ಕೋಣೆಯದು. ಹೊಸ ಮನೆಯ ಬೀಗದ ಕೈ ಕೊಡುವಾಗ ವಸತಿಯ ವಾರ್ಡನ್ ಮೇಡಂ ಅದನ್ನು ಹಿಡಿದುಕೊಂಡೇ ನಿಂತರು.

"ಹೊರಡೋಕೆ ಮುಂಚೆ ಒಂದು ವಿಷಯ ಹೇಳ್ತೀನಿ. ಆ ಚಿಲಕಕ್ಕೆ ನಿನ್ನನ್ನ ಹೊರಗೆ ಕಳಿಸಬೇಕಿತ್ತು. ಅವನು ತಾನಾಗೇ ಬಂದ. 'ಅವರು ಕೇಳಿರಲಿಲ್ಲ, ಅವರಿಲ್ಲದಾಗ ನಾನೇ ಹಾಕಿದ್ದು' ಅಂದ. ನಿನ್ನ ಬದಲು ಅವನು ಹೋದ."

"ಮನೆ... ಮನೆ ಸಿಕ್ಕಿತು ಅಂತ ಅಜ್ಜಿ ಅಂದ್ರಲ್ಲ?"

"ಯಾವ ಮನೆ? ಬೀದಿಗೇ ಹೋದ. ನಿನಗೆ ಮನೆ ಆಗೋವರೆಗೂ ಹೇಳಬೇಡಿ ಅಂತ ಕೈ ಮುಗಿದಿದ್ದ."

ಅವಳ ಕಿವಿಗೆ ಆಮೇಲಿನದು ಯಾವುದೂ ಬೀಳಲಿಲ್ಲ. ಎಂಥ ಪಾಪಿ ನಾನು! ಅವನ ಮಂಚ ಕಿತ್ತುಕೊಂಡು, ನನ್ನ ಮಂಚದ ಮೇಲೆ ಕೂತು ಅವನಿಗೇ ಶಾಪ ಹಾಕಿದೆನಲ್ಲ...

ಬಸ್ ನಿಲ್ದಾಣದ ಬೆಂಚುಗಳು, ಸೇತುವೆಯ ಕೆಳಗಿನ ಕಂಬಗಳು, ಮಾರುಕಟ್ಟೆಯ ಹಿಂದಿನ ನೀರಿನ ಟ್ಯಾಂಕು. ಅಲ್ಲಿ ಸಿಕ್ಕಿದ. ಅರ್ಧ ಆಳಾಗಿದ್ದ. ಮುಖಕ್ಕಿಂತ ಮೊದಲು ಅವಳು ಗುರುತಿಸಿದ್ದು ತನ್ನದೇ ತೇಪೆಗಳನ್ನು.

"ಯಾಕ್ರೀ ಹೇಳ್ಲಿಲ್ಲ?"

ಅವನು ಬೆಚ್ಚಿ ತಲೆಯೆತ್ತಿದ. "ಹೇಳಿದ್ರೆ ನೀವೂ ಗಂಟು ಹೊತ್ಕೊಂಡು ಬಂದುಬಿಡ್ತಿದ್ರಿ."

"ಬರ್ತಿದ್ದೆ!"

"ಅದಕ್ಕೇ ಹೇಳ್ಲಿಲ್ಲ."

"ನಿಮ್ಮ ರಿಪೇರಿ ಸಾಮಾನಿನ ಚೀಲ ಎಲ್ಲಿ?"

"ಬೀದಿಗೆ ಬಂದ ರಾತ್ರಿಯೇ ಯಾರೋ ಕದ್ದುಕೊಂಡು ಹೋದರು. ಊರಿಗೆಲ್ಲ ಬೀಗ ಹಾಕಿಕೊಟ್ಟವನ ಗತಿ ನೋಡಿ!" ಅವನು ನಕ್ಕ. ನಗು ಅರ್ಧದಲ್ಲೇ ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅವಳು ಬೆನ್ನು ನೀವುತ್ತ ಕೂತಳು. ಕೈಗೆ ಎಲುಬುಗಳೇ ಸಿಕ್ಕವು.

"ನನ್ನ ಮನೆಗೆ ಒಳಗಿನ ಚಿಲಕ ಇಲ್ಲ ರೀ. ಬಂದು ಹಾಕಿಕೊಡಿ."

"ಬರಿಗೈಲಿ ಹೇಗೆ ಹಾಕಲಿ?"

ಅವಳು ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂಡ್ರೈವರ್ ತೆಗೆದಳು. ಅವನು ಅದನ್ನೇ ನೋಡುತ್ತ ಜೇಬಿಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಆ ಹಳೆಯ ಚಿಲಕವನ್ನು ತೆಗೆದ.

"ಬಿಚ್ಚೋಕೂ ನನಗೇ ಹೇಳಿದ್ರು," ಅಂದ ಮೆಲ್ಲಗೆ.

ಹೊಸ ಮನೆಯ ಬಾಗಿಲಿಗೆ ಚಿಲಕ ಕೂರಿಸುವಷ್ಟರಲ್ಲಿ ಅವನು ಹಲವು ಸಲ ಕೂತು ಸುಧಾರಿಸಿಕೊಂಡ. ಅವಳು ನೋಡದವಳಂತೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಕೆಲಸ ಮುಗಿದದ್ದೇ ಅವನು ಹೊರಗೆ ಹೋಗಿ ನಿಂತ.

"ಒಳಗಿಂದ ಹಾಕಿ. ನಾನು ತಳ್ಳಿ ನೋಡ್ತೀನಿ, ಗಟ್ಟಿಯಾಗಿದ್ದರೆ... ಹೊರಡ್ತೀನಿ."

ಅವಳು ಹಾಕಲಿಲ್ಲ.

"ಹಾಕಿ."

"ಹೇಗೆ ಹಾಕಲಿ? ಈ ಮನೆಯವರೊಬ್ಬರು ಇನ್ನೂ ಹೊರಗೇ ಇದ್ದಾರೆ."

ಅವನು ಹೊಸ್ತಿಲ ಹತ್ತಿರ ಬಂದ.

"ಒಂದು ಮಾತು ಕೇಳಬೇಕು, ಅದಕ್ಕೆ ವಿಳಾಸ ಬೇಕು ಅಂದಿದ್ರಿ," ಅಂದಳು ಅವಳು. "ಇದೇ ವಿಳಾಸ. ಕೇಳಿ."

ಅವನು ಕೇಳಲಿಲ್ಲ. ಹರಿದ ಚಪ್ಪಲಿ ಬಿಟ್ಟು, ಹಾರುಹೊಡೆದ ಬಾಗಿಲನ್ನೇ ಮೆಲ್ಲಗೆ ತಟ್ಟಿದ.

"ಕೇಳಿಸ್ತು ರೀ," ಅಂದಳು ಅವಳು. "ಇವತ್ತು ಎಚ್ಚರವಾಗೇ ಇದ್ದೀನಿ. ಒಳಗೆ ಬನ್ನಿ."